ಬುರೈಮಿಗೆ ಎರಡು ಸಹಿಗಾಗಿ

ಗುರುವಾರ ಬೆಳಿಗ್ಗೆ ಆರಕ್ಕೆ, ಕೊಲ್ಲಿ ನಾಡಿನಲ್ಲಿ ನಮ್ಮ ಆಫೀಸಿದ್ದ ಅಲ್ ಗುಬ್ರಾ ಬಿಟ್ಟೆವು. ತೊಂಬತ್ತರ ದಶಕದ ಮೊದಲ ವರ್ಷಗಳು, ಜನವರಿ ತಿಂಗಳು, ಕಾರಿನಲ್ಲಿ ಎ.ಸಿ. ಬೇಕಾಗಿರಲಿಲ್ಲ. ಪಕ್ಕದಲ್ಲಿದ್ದವಳು ಲಿಂಡಾ, ನಮ್ಮ ಕಂಪನಿಯ ಅಮೆರಿಕನ್ ಇಂಜಿನಿಯರರ ಮಗಳು. ತಾಯಿಯಿಲ್ಲದ ಹುಡುಗಿ, ಓಹಿಯೋದಲ್ಲಿ ಅಜ್ಜಿಯ ಜೊತೆಗಿದ್ದು ರಜೆಗೆ ಬಂದಿದ್ದಳು. ಮರುದಿನ ಅವಳ ವಿಮಾನ. ಹಾಲೆಂಡಿನ ವಿಶ್ವವಿದ್ಯಾಲಯವೊಂದರ ಅರ್ಜಿಗೆ ಅಪ್ಪನ ಸಹಿ ಬೇಕಿತ್ತು. ಅವರೋ ಮುನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಬುರೈಮಿ ಸೈಟಿನಲ್ಲಿ.

ಅವರ ಸಹಿಗೆ ನನ್ನ ಫೈಲಿನಲ್ಲೂ ಒಂದು ಕಾಗದವಿತ್ತು. ವೀಸಾ ರದ್ದತಿಯದ್ದು. ಇನ್ನೆರಡು ತಿಂಗಳಲ್ಲಿ ಅವರು ಅಮೆರಿಕಕ್ಕೆ ವಾಪಸು. ಆಫೀಸಿನಲ್ಲಿ ಎಲ್ಲರ ವೀಸಾ ನೋಡಿಕೊಳ್ಳುವವನು ನಾನು. ಯಾರು ಹೋಗುತ್ತಾರೆಂದು ಅವರ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಹೇಳುವ ಹಾಗಿಲ್ಲ.

ದಾರಿಯ ಬರ್ಕಾದಲ್ಲಿ ಚಹಾ, ಪರಾಠಕ್ಕೆ ನಿಂತೆವು. "ಹಾಲೆಂಡೇ ಯಾಕೆ?" ಅಂದೆ.

"ಓಹಿಯೋದಿಂದ ಇಲ್ಲಿಗೆ ಬರಲು ಎರಡು ದಿನ, ಮಿಸ್ಟರ್ ಡಿಸೋಜ. ಅಲ್ಲಿಂದಾದರೆ ಒಂದೇ ರಾತ್ರಿ. ಪ್ರತಿ ರಜೆಗೂ ಅಪ್ಪನ ಹತ್ತಿರ ಬರಬಹುದು. ಅಪ್ಪನಿಗೆ ಹೇಳಬೇಡಿ, ಬೇಡ ಅಂತಾರೆ."

ಪರಾಠ ಅರ್ಧಕ್ಕೇ ಬಿಟ್ಟು ಎದ್ದೆ.

ಸೊಹಾರ್ ದಾಟಿ, ಬೋಳುಗುಡ್ಡಗಳ ನಡುವಿನ ದಾರಿ ಹಿಡಿದು ಬುರೈಮಿ ತಲುಪಿದಾಗ ಹತ್ತೂವರೆ. ಸಾಹೇಬರು ಮಗಳ ಅರ್ಜಿಗೆ ಓದದೆಯೇ ಸಹಿ ಹಾಕಿದರು. ಅವಳು ಕೈ ತೊಳೆಯಲು ಹೋದಾಗ ನನ್ನ ಕಾಗದಕ್ಕೂ ಹಾಕಿ, "ಅವಳಿಗೆ ತಿಳಿಯಬಾರದು. ನಾನು ಊರಿಗೆ ಬರ್ತೀನಿ ಅಂದರೆ ಹಾಲೆಂಡ್ ಬಿಟ್ಟುಬಿಡ್ತಾಳೆ. ಅದು ಅವಳ ಆಸೆ" ಅಂದರು.

ಇಬ್ಬರ ಗುಟ್ಟೂ ನನ್ನ ಬಾಯಲ್ಲಿ, ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಊಟ ಮಾಡಿ ಹೊರಟೆವು. ಲಿಂಡಾ ಅರ್ಜಿಯ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ಸೊಹಾರಿನ ಪೆಟ್ರೋಲ್ ಪಂಪಿನಲ್ಲಿ ಕಾರು ನಿಲ್ಲಿಸಿ ಎಲ್ಲ ಹೇಳಿಬಿಟ್ಟೆ. ಹನ್ನೊಂದು ವರ್ಷದ ನೌಕರಿಯಲ್ಲಿ ಗುಟ್ಟು ಬಿಟ್ಟುಕೊಟ್ಟದ್ದು ಅದೇ ಮೊದಲು.

ಅವಳು ಲಕೋಟೆಯನ್ನು ತಿರುಗಿಸಿ ನೋಡಿದಳು. ಆಮೇಲೆ, "ನನ್ನ ಟಿಕೆಟ್ ಮುಂದಕ್ಕೆ ಹಾಕಿಸಲು ಆಗುತ್ತಾ?" ಅಂದಳು.

"ಆಗುತ್ತೆ. ಯಲ್ಲಾ, ಹೋಗೋಣ" ಎಂದು ಕಾರು ತಿರುಗಿಸಿದೆ. ಮತ್ತೆ ನೂರು ಚಿಲ್ಲರೆ ಕಿಲೋಮೀಟರ್.

ಮಗಳನ್ನು ಕಂಡು ಸಾಹೇಬರು ಬಾಗಿಲಿಗೆ ಬಂದರು. ಅವಳು ಲಕೋಟೆಯನ್ನು ಅವರ ಕೈಗಿತ್ತಳು. ಅವರು ನನ್ನತ್ತ ನೋಡಿದರು, ಬೈಯಲಿಲ್ಲ. ಒಳಗೆ ಬನ್ನಿ ಅನ್ನುವುದು ಇಬ್ಬರಿಗೂ ನೆನಪಾಗಲಿಲ್ಲ. ನಾನೊಬ್ಬನೇ ಹೊರಟೆ.

ಅಷ್ಟು ಒಂಟಿತನ ನನಗೆ ಹಿಂದೆಂದೂ ಅನಿಸಿರಲಿಲ್ಲ. ಫ್ಯಾಮಿಲಿ ವೀಸಾಕ್ಕೆ ನನ್ನ ಸಂಬಳ ಸಾಲದೆ ಹೆಂಡತಿ, ಮಗಳು ಉಡುಪಿಯಲ್ಲೇ ಇದ್ದರು. ಬರ್ಕಾ ದಾಟಿದ ಮೇಲೆ ಹೊಳೆಯಿತು: ನನ್ನ ಮಗಳೂ ಆ ವರ್ಷ ಕಾಲೇಜು ಸೇರುವವಳು. ಯಾವ ಕಾಲೇಜಿಗೆ ಅರ್ಜಿ ಹಾಕಿದ್ದಾಳೆಂದು ನಾನು ಕೇಳಿರಲೇ ಇಲ್ಲ.