ಬಲಗೈಗೆ ಹೋದ ಕತ್ತರಿ

ಅವಳಿಗೆ ನಿಧಾನಮ್ಮ ಎಂಬ ಹೆಸರು ಬಿದ್ದದ್ದು ಗಂಡನ ಬಾಯಿಂದಲೇ. ಅವನು ಕ್ಷೌರಿಕ. ತಾನು ಒಂದು ತಲೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರೂ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಲೇ ಇರುತ್ತಾಳೆ ಎಂಬುದು ಅವನ ದೂರು. ನಿಧಾನಮ್ಮ ಅದನ್ನು ಅಲ್ಲಗಳೆದವಳಲ್ಲ. ಅವಸರ ಅವಳ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲ, ಅಷ್ಟೆ.

ಅಂಥವಳಿಗೆ ಚಿತ್ರನೇಯ್ಗೆ ಹೇಳಿ ಮಾಡಿಸಿದ ಹಾಗಿತ್ತು. ಇದರಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆಯುವುದಿಲ್ಲ. ಮಗ್ಗದ ಮೇಲೆ ಬಿಗಿದ ದಾರಗಳ ನಡುವೆ ಬಣ್ಣದ ಉಣ್ಣೆಯನ್ನು ತೂರಿಸಿ, ಬಾಚಣಿಗೆಯಿಂದ ಒತ್ತಿ, ಎಳೆ ಎಳೆಯಾಗಿ ಚಿತ್ರವನ್ನೇ ಕಟ್ಟಬೇಕು. ಇಡೀ ಮಧ್ಯಾಹ್ನ ಕೂತರೆ ಒಂದು ಕಿವಿ ಆದೀತು. ಬಾಚಣಿಗೆ ಮಾತ್ರ ಗಂಡನ ಅಂಗಡಿಯದು. ಹಲ್ಲು ಮುರಿದದ್ದೆಂದು ಅವನು ಎಸೆದಿದ್ದ.

ವರ್ಷಕ್ಕೊಮ್ಮೆ ಅವಳು ನೇಯ್ಗೆಯ ಶಿಬಿರಕ್ಕೆ ಹೋಗುತ್ತಿದ್ದಳು. ಬೆಟ್ಟದ ಬುಡದಲ್ಲಿ, ಮುಚ್ಚಿಹೋದ ಶಾಲೆಯೊಂದರ ಕಟ್ಟಡದಲ್ಲಿ ಅದು ನಡೆಯುತ್ತಿತ್ತು. ಬೆಳಿಗ್ಗೆ ಅಂಗಳದಲ್ಲಿ ಒಲೆ ಹಚ್ಚಿ ಈರುಳ್ಳಿ ಸಿಪ್ಪೆ ಕುದಿಸಿ ಉಣ್ಣೆಗೆ ಬಣ್ಣ ಹಾಕುವುದು, ಮಧ್ಯಾಹ್ನ ಅವರವರ ಮಗ್ಗದ ಮುಂದೆ ಕೂರುವುದು. ಬಾಚಣಿಗೆಗಳ ಸದ್ದು ಬಿಟ್ಟರೆ ಮಾತಿಲ್ಲ ಕತೆಯಿಲ್ಲ. ಇನ್ನೂ ಮುಗಿದಿಲ್ಲವೇ ಎಂದು ಕೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಆ ಸುಖಕ್ಕಾಗಿ ಅವಳು ಕೋಣೆ ಹಂಚಿಕೊಂಡಿದ್ದ ನಿವೃತ್ತ ನರ್ಸಿನ ಗೊರಕೆಯನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಳು.

ಇತ್ತೀಚೆಗೆ ಗಂಡನ ಕೈ ನಡುಗಲು ಶುರುವಾಗಿತ್ತು. ಯಾರದಾದರೂ ಕಿವಿ ಕೊಯ್ಯುವ ಮೊದಲೇ ಅಂಗಡಿ ಬಿಟ್ಟುಕೊಡುತ್ತೇನೆ ಎಂದು ಅವನು ನಗುನಗುತ್ತಲೇ ಹೇಳಿದ್ದ. ಆ ನಗು ನಿಧಾನಮ್ಮನಿಗೆ ಸಹಿಸಲಾಗಲಿಲ್ಲ. ಬೀಗದ ಕೈ ಕೊಡುವ ದಿನ ಅವನ ಕೈಗೆ ಏನಾದರೂ ಬರಬೇಕು ಎಂದು ಅವಳು ಪಟ್ಟು ಹಿಡಿದಳು. ಮಗಳು ಎದುರಿನಿಂದ ತೆಗೆದ ಒಂದು ಫೋಟೋ ಇತ್ತು: ಗಿರಾಕಿಯ ತಲೆಯ ಮೇಲೆ ಬಾಗಿ, ಎಡಗೈಯಲ್ಲಿ ಕತ್ತರಿ ಹಿಡಿದು ನಿಂತ ಗಂಡ. ಅದನ್ನೇ ನೇಯಬೇಕು.

ಎಡಗೈ ಎಂದರೆ ಸುಮ್ಮನೆ ಅಲ್ಲ. ಬಲಗೈ ರೂಢಿಯಾಗಲಿ ಎಂದು ಅವನ ಅಪ್ಪ ಚಿಕ್ಕಂದಿನಲ್ಲಿ ಎಡಗೈಯನ್ನು ಮಂಚದ ಕಾಲಿಗೆ ಕಟ್ಟಿ ಹಾಕುತ್ತಿದ್ದನಂತೆ. ಹುಡುಗ ಅತ್ತನೇ ಹೊರತು ಬಗ್ಗಲಿಲ್ಲ. ಕೊನೆಗೆ ಊರೇ ಅವನ ಅಂಗಡಿಯನ್ನು ಎಡಗೈ ಅಂಗಡಿ ಎಂದು ಕರೆಯಿತು, ಅವನಿಗೆ ಅದೊಂದು ಹೆಮ್ಮೆ.

ಆ ವರ್ಷದ ಶಿಬಿರದಲ್ಲಿ ಟೀಚರು ಹೊಸ ವಿಧಾನ ಕಲಿಸಿದರು. ದಾರದ ತುದಿಗಳೆಲ್ಲ ನಮ್ಮ ಕಡೆ ಇರಲಿ ಎಂದು ಹಿಂಬದಿಯಿಂದ ನೇಯುವುದು, ಚೊಕ್ಕ ಮುಖ ಕೆಳಗಡೆ ಇರುತ್ತದೆ, ಆದ್ದರಿಂದ ಫೋಟೋ ನೋಡಿ ಬರೆದುಕೊಂಡ ನಮೂನೆಯ ತೆಳು ಹಾಳೆಯನ್ನು ತಿರುವಿ ಹಾಕಬೇಕು. ನಿಧಾನಮ್ಮ ತಲೆಯಾಡಿಸಿದಳು. ಟೀಚರು ತಾವೇ ಹಾಳೆಯನ್ನು ತಿರುವಿ ದಾರಗಳ ಕೆಳಗೆ ಸಿಕ್ಕಿಸಿ ಕೊಟ್ಟರು.

ಚೌಕಟ್ಟಿನಂಥ ಆ ಪುಟ್ಟ ಮಗ್ಗವನ್ನು ಹೊತ್ತು ಮನೆಗೆ ಬಂದು ನೋಡುತ್ತಾಳೆ, ಹಾಳೆಯಲ್ಲಿ ಕತ್ತರಿ ಬಲಗೈಯಲ್ಲಿದೆ! ಕೇಳಿದ ಪಾಠ ಬಸ್ಸಿನಲ್ಲೇ ಎಲ್ಲೋ ಉದುರಿಹೋಗಿತ್ತು. ಪಾಪ, ಟೀಚರು ಕಣ್ತಪ್ಪಿನಿಂದ ಹೀಗೆ ಹಾಕಿದ್ದಾರೆ, ಇದನ್ನು ಎತ್ತಿ ಆಡಿ ಅವರ ಮನಸ್ಸು ನೋಯಿಸುವುದೇಕೆ ಎಂದುಕೊಂಡು ಹಾಳೆಯನ್ನು ಮತ್ತೆ ತಿರುವಿ ಹಾಕಿದಳು. ಮುಂದಿನ ಶಿಬಿರದವರೆಗೂ ದಿನಾ ಕಣ್ಣೆದುರು ಎಡಗೈಯನ್ನೇ ನೋಡುತ್ತ, ಹಿಗ್ಗುತ್ತ ನೇಯ್ದಳು. ಗಂಡನಿಗೆ ಕಾಣದಂತೆ ಮಗ್ಗಕ್ಕೆ ಹಳೆಯ ಹೊದಿಕೆ ಮುಚ್ಚಿಡುತ್ತಿದ್ದಳು.

ನೇಯ್ದದ್ದನ್ನು ಮಗ್ಗದ ಸಮೇತ ಮುಂದಿನ ಶಿಬಿರಕ್ಕೆ ಒಯ್ದಳು. ಮಗ್ಗದಿಂದ ನೇಯ್ಗೆ ಕತ್ತರಿಸುವಾಗ ಎಲ್ಲರೂ ಕೆಲಸ ಬಿಟ್ಟು ಸುತ್ತ ಸೇರುವುದು ಶಿಬಿರದ ವಾಡಿಕೆ. ನಿಧಾನಮ್ಮ ಗಂಡನ ಹಳೆಯ ಕತ್ತರಿಯಿಂದಲೇ ದಾರ ಕತ್ತರಿಸಿದಳು. ನರ್ಸು ಮತ್ತು ಟೀಚರು ಎರಡು ಕಡೆ ಹಿಡಿದು ತಿರುವಿದರು. ಮುಖ, ಮೀಸೆ, ಬಾಗಿದ ಭುಜ ಎಲ್ಲವೂ ಅವನದೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ಮಾತ್ರ ಕತ್ತರಿ ಕಂಡಿತು, ಬಲಗೈಯಲ್ಲಿ. ಟೀಚರು ಹಾಳೆ ತಿರುವಿ ಕೊಟ್ಟದ್ದೇ ಸರಿಯಾಗಿತ್ತು. ಅಪ್ಪನಿಂದ ಆಗದ ಕೆಲಸವನ್ನು ಹೆಂಡತಿ ಮಾಡಿ ಮುಗಿಸಿದ್ದಳು.

ವಿಷಯ ತಿಳಿದ ನರ್ಸು, ಹಿಂಬದಿಯನ್ನೇ ಮುಂದೆ ಮಾಡಿ ತೂಗುಹಾಕಿದರಾಯಿತು, ಅಲ್ಲಿ ಎಡಗೈ ಇದೆಯಲ್ಲ ಎಂದಳು. ಆದರೆ ಅಲ್ಲಿ ಮುಖದ ತುಂಬ ದಾರದ ತುದಿಗಳು ಜೋತಾಡುತ್ತಿದ್ದವು. ಕ್ಷೌರಿಕನನ್ನು ವರ್ಷಗಟ್ಟಲೆ ಕ್ಷೌರ ಕಾಣದವನ ಹಾಗೆ ತೂಗುಹಾಕುವುದೇ ಎಂದು ನಿಧಾನಮ್ಮ ಅಳುವಿನ ನಡುವೆಯೇ ನಕ್ಕಳು. ಬಸ್ಸಿನಲ್ಲಿ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಇದನ್ನು ಪೆಟ್ಟಿಗೆಯ ತಳ ಸೇರಿಸಿಬಿಡಲೇ ಎಂದು ದಾರಿಯುದ್ದಕ್ಕೂ ಯೋಚಿಸಿದಳು.

ಮನೆಯಲ್ಲಿ ಗಂಡ ಸುಮ್ಮನೆ ಕುಳಿತಿದ್ದ. ಬೀಗದ ಕೈ ಆ ಬೆಳಿಗ್ಗೆಯೇ ಕೊಟ್ಟು ಬಂದಿದ್ದ. ಕುರ್ಚಿ, ಕನ್ನಡಿ ಎಲ್ಲವೂ ಹೊಸಬನ ಪಾಲಾಗಿದ್ದವು. ಆ ಬರಿಗೈ ನೋಡಿದ ಮೇಲೆ ಅವಳಿಗೆ ಮುಚ್ಚಿಡಲು ಮನಸ್ಸು ಬರಲಿಲ್ಲ.

"ರೀ, ಒಂದು ತಪ್ಪಾಗಿದೆ. ನಿಮ್ಮನ್ನ ನೇಯ್ದೆ, ಆದ್ರೆ ಬಲಗೈನವರನ್ನಾಗಿ ಮಾಡ್ಬಿಟ್ಟೆ," ಎಂದಳು.

ಎತ್ತಿ ಹಿಡಿ, ನೋಡೋಣ ಎಂದ. ಅವಳು ಸ್ಟೂಲು ಹತ್ತಿ, ನೇಯ್ಗೆಯನ್ನು ಮುಖಕ್ಕೆ ಅಡ್ಡವಾಗಿ ಎತ್ತಿ ಹಿಡಿದಳು. ಅವನ ಮುಖ ಕಾಣುತ್ತಿಲ್ಲ. ಕಣ್ಣ ಮುಂದೆ ಬರೀ ದಾರದ ತುದಿಗಳು. ಕೈ ಸೋತು ಬರುವ ಹೊತ್ತಿಗೆ ಅವಳು ಅಂಚಿನಿಂದ ಇಣುಕಿದಳು.

ಗಂಡ ಎದ್ದು ಚಿತ್ರದ ಎದುರು ನಿಂತಿದ್ದ. ಎಡಗೈ ಮೇಲೆತ್ತಿದ್ದ, ಎರಡು ಬೆರಳು ಕತ್ತರಿಯಂತೆ ಆಡುತ್ತಿದ್ದವು. ಅವನ ಕೈ ಇದ್ದ ಕಡೆಯೇ, ನೇರ ಎದುರಿಗೆ, ಚಿತ್ರದ ಕತ್ತರಿಯೂ ಇತ್ತು.

"ನನ್ನನ್ನ ಎದುರಿಗೆ ನಿಂತು ನೋಡಿರೋರು ನೀವುಗಳು," ಎಂದ. "ನಾನೆಲ್ಲಿ ನೋಡ್ಕೊಂಡಿದೀನಿ? ಆ ಕನ್ನಡಿಲೇ ತಾನೇ. ಇಷ್ಟು ವರ್ಷ ನನ್ನ ಜೊತೆ ಕೆಲಸ ಮಾಡಿದೋನು ಇವನೇ ಕಣೇ. ಇವತ್ತು ಬೆಳಿಗ್ಗೆ ಇವನನ್ನ ಅಲ್ಲೇ ಬಿಟ್ಟು ಬಂದ್ನಲ್ಲ ಅಂತ ಕೂತಿದ್ದೆ."

ಎತ್ತಿದ ಕೈ ನಡುಗುತ್ತಿತ್ತು. ಅವನು ಅದನ್ನೂ ಚಿತ್ರದ ಕೈಯನ್ನೂ ಒಂದರ ನಂತರ ಒಂದರಂತೆ ನೋಡಿದ.

"ಇವನ ಕೈ ನಡುಗಲ್ಲ," ಎಂದ.

ಮೊಳೆ ತರಲೇ, ಗೋಡೆಗೆ ಹಾಕಿಬಿಡೋಣವೇ ಎಂದು ನಿಧಾನಮ್ಮ ಕೇಳಿದಳು.

"ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡಿರು," ಎಂದ ಗಂಡ. "ಅವಸರ ಏನಿದೆ?"