ಜೇಬಕ್ಕನ ವೀಸಾ

ನಮ್ಮ ಅತ್ತಿಗೆಗೆ ಬೀದಿಯವರು ಇಟ್ಟ ಹೆಸರು ಜೇಬಕ್ಕ. ಅಣ್ಣ ಅತ್ತಿಗೆ ಸೇರಿ ನಡೆಸುತ್ತಿದ್ದ ಡ್ರೈ ಕ್ಲೀನಿಂಗ್ ಅಂಗಡಿಗೆ ಯಾರೇ ಬಟ್ಟೆ ತಂದು ಹಾಕಲಿ, ಅತ್ತಿಗೆಯ ಕೈ ಮೊದಲು ಹೋಗುತ್ತಿದ್ದದ್ದು ಜೇಬಿಗೆ. ರಸೀದಿ ಆಮೇಲೆ, ಕುಶಲ ಆಮೇಲೆ. ಬಂದವರು ವಕೀಲರಾದರೂ ಅಷ್ಟೆ, ಮದುಮಗನಾದರೂ ಅಷ್ಟೆ. ಒಂದು ಪೆನ್ನು ಒಳಗೆ ಹೋದರೆ ಡ್ರಮ್ಮಿನಲ್ಲಿದ್ದ ಅಷ್ಟೂ ಬಟ್ಟೆಗೆ ಗ್ರಹಚಾರ. ಒಮ್ಮೆ ಪಕ್ಕದ ರಸ್ತೆಯ ನಿವೃತ್ತ ಮೇಷ್ಟ್ರ ಕೋಟಿನಿಂದ ಹಲ್ಲಿನ ಸೆಟ್ಟೇ ಹೊರಬಂತು. "ಮೇಷ್ಟ್ರೇ, ಇದನ್ನೂ ಪಾಲಿಶ್ ಮಾಡ್ಕೊಡ್ಲಾ?" ಎಂದು ಅತ್ತಿಗೆ ಕೇಳಿದ್ದನ್ನು ಮೇಷ್ಟ್ರು ತಾವೇ ಊರೆಲ್ಲ ಹೇಳಿಕೊಂಡು ನಕ್ಕರು.

ಮದುವೆಯಾಗಿ ಬಂದಾಗ ಅತ್ತಿಗೆಗೆ ಈ ಕಸುಬಿನ ಗಂಧವೂ ಇರಲಿಲ್ಲ. ಅಣ್ಣ ಆಗ ಬರೀ ಇಸ್ತ್ರಿ ಮಾಡುತ್ತಿದ್ದ. ದುಂಡನೆಯ ಗಾಜಿನ ಬಾಗಿಲಿನ ದೊಡ್ಡ ಯಂತ್ರ ತರಿಸಿದ್ದು, ಚಾವಣಿಗೆ ಕಂಬಿ ಹಾಕಿಸಿ ಬಟ್ಟೆಗಳನ್ನು ಸಾಲಾಗಿ ತೂಗುಹಾಕುವ ಏರ್ಪಾಡು ಮಾಡಿದ್ದು ಎಲ್ಲಾ ಅತ್ತಿಗೆ. ಎಂಥ ಕಲೆ ತಂದು ತೋರಿಸಿದರೂ ಅವರ ಬಾಯಲ್ಲಿ "ಆಗಲ್ಲ" ಎಂಬ ಮಾತು ಬರುತ್ತಿರಲಿಲ್ಲ. "ಇಟ್ಟು ಹೋಗಿ, ನೋಡೋಣ" ಅನ್ನುತ್ತಿದ್ದರು. ನಾನು ಅಲ್ಲೇ ಬಟ್ಟೆ ತಲುಪಿಸುವ ಕೆಲಸಕ್ಕಿದ್ದೆ. ಅವರ ಆ ಮಾತು ಕೇಳಿದರೆ ಗಿರಾಕಿಗಳ ಮುಖ ಅರ್ಧ ಹಗುರಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಅತ್ತಿಗೆಯ ಅಕ್ಕ ಬಹಳ ಹಿಂದೆಯೇ ನರ್ಸ್ ಕೆಲಸ ಹಿಡಿದು ದೂರದ ದೇಶಕ್ಕೆ ಹೋಗಿ ಅಲ್ಲಿನವರೇ ಆಗಿಬಿಟ್ಟಿದ್ದರು. ತಂಗಿಯನ್ನೂ ಕರೆಸಿಕೊಳ್ಳಬೇಕು ಎಂದು ಅರ್ಜಿ ಹಾಕಿದಾಗ ಅಣ್ಣನ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಅರ್ಜಿ ಸರದಿಯಲ್ಲಿ ನಿಂತಿತು. ನಿಂತೇ ಇತ್ತು. ನಾವೆಲ್ಲ ಅದನ್ನು ಮರೆತೇಬಿಟ್ಟಿದ್ದೆವು. ಮಗಳು ಕಾಲೇಜಿನ ಕೊನೆ ವರ್ಷಕ್ಕೆ ಬಂದಾಗ ಒಂದು ದಿನ ಸಂದರ್ಶನಕ್ಕೆ ಕರೆ ಬಂತು. ವೈದ್ಯಕೀಯ ತಪಾಸಣೆಯೂ ಮುಗಿದು, ಮೂವರ ಪಾಸ್‌ಪೋರ್ಟಿಗೂ ಅಲ್ಲಿಯೇ ನೆಲೆಸಲು ಬಿಡುವ ವಲಸೆ ವೀಸಾ ಅಂಟಿಸಿ ಕೊಟ್ಟರು.

ಅದಕ್ಕೆ ಎರಡು ಕಟ್ಟಳೆ ಇದ್ದವು. ವೀಸಾದ ಮೇಲೆ ಬರೆದ ತಾರೀಖಿನೊಳಗೆ ಆ ದೇಶದಲ್ಲಿ ಕಾಲಿಡಬೇಕು. ತಪಾಸಣೆಯ ವರದಿ ಅಲ್ಲಿಯವರೆಗಷ್ಟೇ ಊರ್ಜಿತ, ಹಾಗಾಗಿ ತಾರೀಖನ್ನು ಮುಂದೆ ಹಾಕುವ ಮಾತಿಲ್ಲ. ಇನ್ನೊಂದು, ಅರ್ಜಿ ಇದ್ದದ್ದು ಅತ್ತಿಗೆಯ ಹೆಸರಿನಲ್ಲಿ. ಅವರನ್ನು ಬಿಟ್ಟು ಅಣ್ಣನಾಗಲಿ ಮಗಳಾಗಲಿ ಮೊದಲು ಹೋಗುವಂತಿಲ್ಲ.

"ಈಗಲೇ ಹೊರಟು ಬಂದುಬಿಡು ಕಣೇ" ಎಂದು ಅಕ್ಕ ಫೋನಿನಲ್ಲಿ ಒಂದೇ ಸಮನೆ ಹೇಳಿದರು. "ಪರೀಕ್ಷೆ ಇವತ್ತಲ್ಲ ನಾಳೆ ಬರೀಬಹುದು."

"ಮೂರು ವರ್ಷ ಓದಿದಾಳೆ ಅಕ್ಕಾ. ಬರೆದು ಮುಗಿಸಿಯೇ ಕರ್ಕೊಂಡು ಬರ್ತೀನಿ. ವೀಸಾಗೇನು ಕಾಲು ಬಂದಿದ್ಯಾ ಓಡಿಹೋಗಕ್ಕೆ?" ಎಂದರು ಅತ್ತಿಗೆ.

ಮಗಳು ಪರೀಕ್ಷೆ ಬರೆದು ಮುಗಿಸಿದಾಗ ವೀಸಾದ ಅವಧಿ ಇನ್ನೂ ಒಂದು ತಿಂಗಳ ಮೇಲಿತ್ತು. ಮಂಚ ಬೀರುಗಳನ್ನು ನೆಂಟರು ಒಯ್ದರು. ಅಂಗಡಿಯನ್ನು ನಾನು ವಹಿಸಿಕೊಳ್ಳುವುದು ಎಂದಾಯಿತು. ಅತ್ತಿಗೆ ತಮ್ಮ ಕಪ್ಪು ಉಣ್ಣೆ ಕೋಟು ತೊಟ್ಟು ಟಿಕೆಟ್ ಮಾಡಿಸಲು ಟ್ರಾವೆಲ್ ಏಜೆಂಟನ ಹತ್ತಿರ ಹೋದರು. ಅವನು ಮೂರು ಪಾಸ್‌ಪೋರ್ಟಿನಲ್ಲಿ ಎರಡನ್ನು ಮೊದಲೇ ವಾಪಸು ಕೊಟ್ಟ. ಅವು ಕೈಚೀಲ ಸೇರಿದವು. ಮೂರನೆಯದನ್ನು ಜೆರಾಕ್ಸ್ ಮಾಡಿ ಬಾಗಿಲ ಹತ್ತಿರ ಓಡಿಬಂದು ಕೈಗಿಟ್ಟ. ಅದನ್ನು ಅತ್ತಿಗೆ ಕೋಟಿನ ಒಳಜೇಬಿಗೆ ಇಳಿಬಿಟ್ಟರು.

ಮರುದಿನ ಅವರಿಗೆ ಒಂದು ಯೋಚನೆ ಬಂತು. ಅಕ್ಕನ ಊರಿನಲ್ಲಿ ಚಳಿ ಹೆಚ್ಚು, ಕೋಟು ದಿನಾ ಬೇಕಾಗುತ್ತದೆ, ಹೋಗುವ ಮೊದಲು ನಮ್ಮ ಯಂತ್ರದಲ್ಲೇ ಕೊನೆಯ ಸಲ ಶುಚಿಯಾಗಲಿ. ಕೋಟು ಯಂತ್ರದ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ತೆಗೆದು ಒಳಗೆ ಹಾಕಿ ಬಾಗಿಲು ಮುಚ್ಚಿದರು.

ಯಂತ್ರ ನಿಂತ ಮೇಲೆ ಕೋಟನ್ನು ಹೊರಗೆ ತೆಗೆದವನು ಅಣ್ಣ. ಎದೆಯ ಭಾಗ ಗಟ್ಟಿಯಾಗಿ ಕೈಗೆ ತಗುಲಿತು. ಅವನು ಒಳಜೇಬಿನಿಂದ ಅತ್ತಿಗೆಯ ಪಾಸ್‌ಪೋರ್ಟನ್ನು ಹೊರಗೆಳೆದದ್ದನ್ನು ನೋಡಿ ನಾನು ಹತ್ತಿರ ಹೋದೆ. ನೀರಿನಲ್ಲಿ ನೆನೆದಿದ್ದರೆ ಪುಸ್ತಕ ಉಬ್ಬಿಕೊಳ್ಳುತ್ತಿತ್ತು. ಇದು ಉಬ್ಬಿರಲಿಲ್ಲ, ಆದರೆ ಡ್ರೈ ಕ್ಲೀನಿಂಗ್ ದ್ರಾವಣ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು. ಫೋಟೋದ ಮೇಲಿನ ಪ್ಲಾಸ್ಟಿಕ್ ಪೊರೆ ಹಾಲಿನ ಕೆನೆಯಂತೆ ಸುರುಟಿಕೊಂಡಿತ್ತು. ಅತ್ತಿಗೆಯ ಮುಖ ಇದ್ದಲ್ಲಿ ಬರೀ ಮಂಜು. ವೀಸಾದ ಹಾಳೆಯ ಮೇಲಿನ ಅಕ್ಷರಗಳು ಒಂದರ ಮೇಲೊಂದು ಜಾರಿಬಿದ್ದಿದ್ದವು.

"ಮುಗೀತು ಬಿಡು" ಎಂದು ಅಣ್ಣ ಇಸ್ತ್ರಿ ಮೇಜಿಗೆ ಒರಗಿ ನಿಂತ.

ಅತ್ತಿಗೆ ಪಾಸ್‌ಪೋರ್ಟನ್ನು ಕೈಗೆ ತೆಗೆದುಕೊಂಡು ಒಂದೊಂದೇ ಹಾಳೆ ತಿರುವಿದರು. ಕೊನೆಗೆ, "ಕೌಂಟರ್ ದಾಟಿ ಬಂದಿದ್ದಿದ್ರೆ ಜೇಬು ನೋಡ್ತಿದ್ದೆ. ಇದು ಒಳಗಡೆನೇ ಇತ್ತಲ್ಲ" ಎಂದರು. ತಮಗೆ ತಾವೇ ಲೆಕ್ಕ ಒಪ್ಪಿಸಿದ ಹಾಗಿತ್ತು ಆ ಮಾತು.

ಸುದ್ದಿ ತಿಳಿದ ಏಜೆಂಟ್ ಅಂಗಡಿಗೇ ಬಂದ. "ಚೆನ್ನಾಗಿ ಇಸ್ತ್ರಿ ಮಾಡಿ, ಮೇಲೊಂದು ಪ್ಲಾಸ್ಟಿಕ್ ಹಾಕಿಸಿ. ಏರ್‌ಪೋರ್ಟಲ್ಲಿ ಗದ್ದಲ ಇದ್ದಾಗ ನುಗ್ಗಿಬಿಡಿ. ಯಾರು ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾರೆ?" ಎಂದ. ಅಣ್ಣನಿಗೆ ಅದು ಸರಿಯೆನಿಸಿತು. ಎಷ್ಟಾದರೂ ಇಸ್ತ್ರಿಯೇ ಅವನ ವಿದ್ಯೆ. ಅವನು ಪೆಟ್ಟಿಗೆ ಬಿಸಿಗಿಟ್ಟ. ಅತ್ತಿಗೆ ಹೋಗಿ ಪ್ಲಗ್ ಕಿತ್ತರು.

"ಬೇಡ ರೀ. ಶರ್ಟಿಗೆ ಕಲೆ ಆದ್ರೆ ಜನ ಮನೇಲೇ ಏನೇನೋ ಹಾಕಿ ಉಜ್ಜಿ, ಕೆಡಿಸ್ಕೊಂಡು ಬರ್ತಾರಲ್ಲ, ಆಮೇಲೆ ನಮ್ಮ ಕೈಲೂ ಏನೂ ಮಾಡಕ್ಕಾಗಲ್ಲ. ಇದು ಹೇಗಿದೆಯೋ ಹಾಗೇ ಇರ್ಲಿ. ಇದೇ ಸ್ಥಿತಿಯಲ್ಲೇ ತಗೊಂಡೋಗಿ ತೋರಿಸ್ತೀನಿ."

ಅಂದೇ ವೀಸಾ ಕಚೇರಿಗೆ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದು, ಹಾಳಾದ ಪುಟಗಳ ಫೋಟೋ ತೆಗೆದು ಮಗಳ ಕೈಲಿ ಇಮೇಲ್ ಮಾಡಿಸಿದರು. ಉತ್ತರ ಬಂತು. ಹೊಸ ಪಾಸ್‌ಪೋರ್ಟು ತಂದರೆ ವೀಸಾವನ್ನು ಮತ್ತೆ ಮುದ್ರಿಸಿಕೊಡಬಹುದು, ತಾರೀಖು ಮಾತ್ರ ಹಳೆಯದೇ.

ಪಾಸ್‌ಪೋರ್ಟ್ ಕಚೇರಿಗೆ ಅತ್ತಿಗೆಯ ಜೊತೆ ನಾನೇ ಹೋದೆ. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಅಧಿಕಾರಿ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಏನಮ್ಮಾ ಇದು? ಸುಟ್ಟಿದ್ದಾ, ನೆನೆದಿದ್ದಾ?"

"ಎರಡೂ ಅಲ್ಲ ಸಾರ್. ಡ್ರೈ ಕ್ಲೀನ್ ಆಗಿದೆ."

"ಯಾವನಮ್ಮಾ ಆ ಅಂಗಡಿಯವನು? ಜೇಬು ನೋಡೋದಲ್ವಾ? ಮೊದಲು ಅವನ ಮೇಲೊಂದು ಕಂಪ್ಲೇಂಟ್ ಕೊಡಿ."

"ಅಂಗಡಿ ನಂದೇ ಸಾರ್."

ಅಧಿಕಾರಿ ಕನ್ನಡಕ ಕೆಳಗಿಳಿಸಿ ಅತ್ತಿಗೆಯನ್ನು ನೋಡಿದರು. ಪಕ್ಕದ ಮೇಜಿನವರು ಕೆಮ್ಮಿದಂತೆ ಮಾಡಿ ನಗು ನುಂಗಿದರು. ಅತ್ತಿಗೆಯೂ ನಕ್ಕುಬಿಟ್ಟರು. ಆಮೇಲೆ ವೀಸಾ ಕಚೇರಿಯ ಉತ್ತರವನ್ನು ಮುಂದಿಟ್ಟು, ಇಂಥ ದಿನದೊಳಗೆ ಹೋಗದಿದ್ದರೆ ಮನೆಯ ಮೂವರದ್ದೂ ತಪ್ಪುತ್ತದೆ ಎಂದು ವಿವರಿಸಿದರು. ಅಧಿಕಾರಿ ಓದಿ, "ತುರ್ತು ಅಂತ ಬರೀತೀನಿ. ಆದರೆ ಪೊಲೀಸರು ಮನೆಗೆ ಬಂದು ನೋಡಿ ವರದಿ ಕೊಡದೆ ನನ್ನ ಕೈಲಿ ಏನೂ ಇಲ್ಲ" ಎಂದರು.

ಆ ವಾರ ಅಕ್ಕನ ಫೋನು. ಈ ವೀಸಾ ತಪ್ಪಿದರೆ ಎಲ್ಲವೂ ಮೊದಲಿನಿಂದ ಶುರುವಾಗಬಹುದಂತೆ, ಅಷ್ಟರಲ್ಲಿ ಮಗಳಿಗೆ ವಯಸ್ಸು ಮೀರಿ ಅವಳು ತಾಯಿಯ ಜೊತೆ ಬರುವ ಹಾಗೇ ಇಲ್ಲವಂತೆ. "ಹಾಗೇನೂ ಆಗಲ್ಲ ಅಕ್ಕಾ" ಎಂದು ಅತ್ತಿಗೆ ಫೋನ್ ಇಟ್ಟರು. ಸ್ವಲ್ಪ ಹೊತ್ತಿಗೆ ಕೌಂಟರಿನಲ್ಲಿ ಗಿರಾಕಿ ಬಂದು ನಿಂತರೂ ಅವರ ಸುಳಿವಿಲ್ಲ. ಹುಡುಕಿದೆ. ಕವರು ಹೊದ್ದು ತೂಗುತ್ತಿದ್ದ ಬಟ್ಟೆಗಳ ಸಾಲಿನ ನಡುವೆ ನಿಂತಿದ್ದರು.

"ಅತ್ತಿಗೆ?"

"ಹೆದರಿಕೆ ಆಯ್ತು ಕಣೋ. ಇಲ್ಲಿ ನಿಂತ್ಕೊಂಡ್ರೆ ಯಾರಿಗೂ ಕಾಣಲ್ಲ ಅಂತ ಬಂದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಮಗಳನ್ನ ಪರೀಕ್ಷೆ ಬರೆಸಿದ್ದು ತಪ್ಪಾಯ್ತಾ ಅಂತ ಒಂದು ಗಳಿಗೆ ಅನ್ನಿಸ್ತು. ಇಲ್ಲ, ತಪ್ಪಲ್ಲ. ನಡಿ, ಯಾರೋ ಬಂದಿದಾರೆ."

ಅಷ್ಟು ಹೇಳಿ ಹೊರಟೇಬಿಟ್ಟರು. ಕೌಂಟರಿನಲ್ಲಿ ಅವರ ದನಿ ಎಂದಿನ ಹಾಗೇ ಇತ್ತು.

ವಿಚಾರಣೆಗೆ ಪೊಲೀಸಿನವರೊಬ್ಬರು ಬಂದರು. ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಮನೆಯಲ್ಲಿ ಇದ್ದದ್ದು ನಾಲ್ಕು ಸೂಟ್‌ಕೇಸು, ಸುತ್ತಿಟ್ಟ ಎರಡು ಹಾಸಿಗೆ, ಒಂದು ಒಲೆ. ಗೋಡೆಯಲ್ಲಿ ಚಿತ್ರಗಳಿದ್ದ ಕಡೆ ಬೆಳ್ಳಗಿನ ಚೌಕಗಳು.

"ಇಲ್ಲಿ ಯಾರೂ ವಾಸ ಇರೋ ಹಾಗೆ ಕಾಣಲ್ವಲ್ಲಮ್ಮ. ನಾನು ಹಾಗೇ ಬರೀಬೇಕಾಗತ್ತೆ."

"ಸಾರ್, ಮನೆ ಖಾಲಿ ಮಾಡಿರೋದು ಹೊರಡೋದಕ್ಕೆ. ಹೊರಡೋದಕ್ಕೆ ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟ್ ಸಿಗಬೇಕಾದ್ರೆ ನಾನು ಇಲ್ಲಿ ಇರಬೇಕು. ಇದೀನಲ್ಲ, ನಿಮ್ಮೆದುರಿಗೇ! ಬನ್ನಿ, ಕೂತ್ಕೊಳಿ." ಅತ್ತಿಗೆ ದೊಡ್ಡ ಸೂಟ್‌ಕೇಸನ್ನು ಅಡ್ಡ ಮಲಗಿಸಿ, ಮೇಲೆ ಟವೆಲ್ ಹಾಸಿದರು.

ಅವರು ಹಿಂಜರಿಯುತ್ತಲೇ ಕೂತರು. ಅಷ್ಟರಲ್ಲಿ ಮಹಡಿ ಮೇಲಿನ ಮನೆ ಒಡತಿ ಮೆಟ್ಟಿಲಲ್ಲೇ ನಿಂತು ಗದರಿದರು. "ಇಲ್ಲಿ ಇಲ್ಲದೆ ಇನ್ನೆಲ್ಲಿರ್ತಾಳೆ? ದಿನಾ ಬೆಳಗ್ಗೆ ನಾನು ಏಳೋದೇ ಇವಳ ನಲ್ಲಿ ಸದ್ದಿಗೆ. ಬರ್ಕೊಳಿ, ನಾನು ಸಹಿ ಹಾಕ್ತೀನಿ." ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಪೊಲೀಸಿನವರು ಅದನ್ನೊಮ್ಮೆ, ಹಿತ್ತಿಲಲ್ಲಿ ಒಣಗುತ್ತಿದ್ದ ಬಟ್ಟೆಗಳನ್ನೊಮ್ಮೆ ನೋಡಿ ಬರೆದುಕೊಂಡರು. ಹೋಗುವಾಗ, "ವರದಿ ನಾಳೆನೇ ಕಳಿಸ್ತೀನಿ. ಹುಷಾರಾಗಿ ಹೋಗ್ಬನ್ನಿ" ಎಂದರು.

ಮಾತಿನಂತೆ ನಡೆದುಕೊಂಡರು. ರದ್ದು ಮಾಡಿದ ಹಳೆಯದರ ಜೊತೆಗೆ ಹೊಸ ಪಾಸ್‌ಪೋರ್ಟು ಅಂಚೆಯಲ್ಲಿ ಬಂತು. ಅತ್ತಿಗೆ ಎರಡನ್ನೂ ತಾವು ಇಟ್ಟುಕೊಳ್ಳದೆ ಮಗಳ ಕೈಗೆ ಕೊಟ್ಟು, "ಇನ್ನು ಎಲ್ಲರದೂ ನಿನ್ನ ಜವಾಬ್ದಾರಿ" ಎಂದರು. ವೀಸಾ ಕಚೇರಿಯಲ್ಲಿ ಕಿಟಕಿಯಾಚೆ ಇದ್ದ ಹೆಂಗಸು ಹೊಸ ಹಾಳೆ ಅಂಟಿಸಿದ ಪುಸ್ತಕವನ್ನು ಕೊಡುತ್ತಾ, "ಈ ತಾರೀಖಿನೊಳಗೆ ಅಲ್ಲಿ ಇಳಿದಿರಬೇಕು. ಇಲ್ಲಿ ವಿಮಾನ ಹತ್ತಿದ್ರೆ ಸಾಲದು" ಎಂದು ಎರಡು ಸಲ ಹೇಳಿದರು. ಮೊದಲು ಮಾಡಿಸಿದ್ದ ಟಿಕೆಟ್ಟಿನ ದಿನ ಅಷ್ಟು ಹೊತ್ತಿಗೆ ದಾಟಿಹೋಗಿತ್ತು. ಏಜೆಂಟ್ ಅದನ್ನೇ ಬದಲಾಯಿಸಿ, ಅವಧಿ ಮುಗಿಯುವ ಹಿಂದಿನ ದಿನ ತಲುಪುವ ವಿಮಾನಕ್ಕೆ ಹಾಕಿಕೊಟ್ಟ.

ಬೀಳ್ಕೊಡಲು ನಾನೂ ಹೋಗಿದ್ದೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅಣ್ಣನದೂ ಮಗಳದೂ ಸರಾಗವಾಗಿ ಆಯಿತು. ಅತ್ತಿಗೆಯ ಸರದಿ ಬಂದಾಗ ಅಲ್ಲಿದ್ದ ಹುಡುಗಿ ಕೀಲಿಮಣೆ ಕುಟ್ಟುತ್ತಲೇ ಇದ್ದಳು.

"ಮೇಡಂ, ಟಿಕೆಟಲ್ಲಿರೋ ಪಾಸ್‌ಪೋರ್ಟ್ ನಂಬರೇ ಬೇರೆ, ನಿಮ್ಮ ಕೈಲಿರೋದೇ ಬೇರೆ. ಸಿಸ್ಟಮ್ ತಗೊಳ್ತಿಲ್ಲ. ಪಕ್ಕಕ್ಕೆ ಬನ್ನಿ."

ಏಜೆಂಟ್ ದಿನವನ್ನೇನೋ ಬದಲಾಯಿಸಿದ್ದ, ನಂಬರನ್ನು ಹಾಗೇ ಬಿಟ್ಟಿದ್ದ. ಅತ್ತಿಗೆ ಮಗಳ ಕೈಯಿಂದ ಹಳೆಯ ಪಾಸ್‌ಪೋರ್ಟನ್ನೂ ಇಸಿದುಕೊಂಡು, ಎರಡನ್ನೂ ಬಿಡಿಸಿ ಅಕ್ಕಪಕ್ಕ ಇಟ್ಟರು.

"ನಂಬರ್ ಬದಲಾದದ್ದು ಯಾಕೆ ಅಂತ ಇದರಲ್ಲೇ ಇದೆ ನೋಡಮ್ಮ. ನಿನ್ನ ಕೈಲಿ ಆಗಲ್ಲ ಅಂದ್ರೆ ಮೇಲಿನವರನ್ನ ಕರಿ. ನಾನು ಇಲ್ಲೇ ನಿಂತಿರ್ತೀನಿ, ಪಕ್ಕಕ್ಕೆ ಹೋದ್ರೆ ನೀವು ಮರೀತೀರಿ."

ದನಿ ಏರಲಿಲ್ಲ. ಆದರೆ ಆ ಹುಡುಗಿಗೆ ಗೊತ್ತಾಯಿತು, ಈ ಹೆಂಗಸು ಕದಲುವುದಿಲ್ಲ ಎಂದು. ಮೇಲಿನವರು ಬಂದರು, ಎರಡೂ ಪುಸ್ತಕ ನೋಡಿದರು, ಯಾರಿಗೋ ಫೋನ್ ಮಾಡಿದರು. ನಂಬರು ತಿದ್ದಿದ್ದಾಯಿತು. ಬೋರ್ಡಿಂಗ್ ಪಾಸು ಹೊರಬಂದಾಗ ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಆ ಕಡೆ ಇಳಿದಾಗ ವಲಸೆ ಅಧಿಕಾರಿ ವೀಸಾದ ತಾರೀಖನ್ನು ನೋಡಿ ಹುಬ್ಬೇರಿಸಿದನಂತೆ. "ನಾಳೆಗೆ ಮುಗೀತಿತ್ತಲ್ಲ?" ಎಂದನಂತೆ. "ಇವತ್ತೇ ಬಂದ್ವಲ್ಲ" ಎಂದು ಅತ್ತಿಗೆ ಹೇಳಿದ್ದನ್ನು ಮಗಳು ಅವನ ಭಾಷೆಗೆ ತಿರುಗಿಸಿದಳಂತೆ. ಅವನು ಮೊಹರು ಒತ್ತಿದ. ಹೊರಗೆ ಅಕ್ಕ ಬೈಯಲೆಂದೇ ಕಾದು ನಿಂತಿದ್ದವರು, ತಂಗಿಯನ್ನು ಕಂಡದ್ದೇ ಅವಳ ಕೈಯ ಚೀಲಗಳನ್ನೆಲ್ಲ ಕಿತ್ತುಕೊಂಡು ಮುಂದೆ ಮುಂದೆ ನಡೆದರಂತೆ.

ಅಲ್ಲಿ ಅತ್ತಿಗೆ ಮೊದಲು ಒಂದು ಆಸ್ಪತ್ರೆಯ ಲಾಂಡ್ರಿ ಸೇರಿದರು. ಹಾಸಿಗೆ ಹೊದಿಕೆಗಳ ಗುಡ್ಡ, ಕೆಲಸದವರಲ್ಲಿ ಹತ್ತಾರು ಭಾಷೆ. ಅಣ್ಣನಿಗೂ ಅಲ್ಲೇ ಇಸ್ತ್ರಿ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮಗಳು ಪಾಸಾದ ಸುದ್ದಿ ಅವರು ಅಲ್ಲಿಗೆ ಹೋದ ಮೇಲೆ ತಲುಪಿತು. ಆ ಅಂಕಪಟ್ಟಿಯ ಬಲದಿಂದಲೇ ಅವಳು ಮುಂದಿನ ಓದಿಗೆ ಸೇರಿದಳು. ನೌಕರಿಯಿಂದ ನಿವೃತ್ತರಾದ ಅಕ್ಕನಿಗೆ ಮನೆಯಲ್ಲಿ ಕೂತು ಬೇಸರ. ಈಗ ಅಕ್ಕತಂಗಿ ಸೇರಿ ಬಸ್ ನಿಲ್ದಾಣದ ಎದುರಿಗೆ ಸಣ್ಣದೊಂದು ಮಳಿಗೆ ಹಿಡಿದಿದ್ದಾರೆ. ಯಂತ್ರ ಬಂದು ಕೂತಿದೆ, ಗಿರಾಕಿಗಳೂ ಬರತೊಡಗಿದ್ದಾರೆ. ಬೋರ್ಡಿನ ಬಣ್ಣ ಹಸಿರೋ ನೀಲಿಯೋ ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಮೊನ್ನೆ ಇಬ್ಬರೂ ಒಂದೇ ಫೋನಿನಲ್ಲಿ ನನ್ನ ಅಭಿಪ್ರಾಯ ಕೇಳಿದರು. ನಾನು ಜಾಣ, ಲೈನು ಸರಿಯಿಲ್ಲ ಅಂದೆ.