ಕನ್ನಡಿಯಮ್ಮನ ಪಡಸಾಲೆ

ಆ ಶಾಲೆಯ ಮಕ್ಕಳು ಹೆಡ್‌ಮಾಸ್ತರರಿಗೆ ಹೆದರುತ್ತಿರಲಿಲ್ಲ, ನೆಲ ಒರೆಸುವವಳಿಗೆ ಹೆದರುತ್ತಿದ್ದರು. ಹೆಡ್‌ಮಾಸ್ತರರ ಕೂಗು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬೀಳುತ್ತಿತ್ತು. ಅವಳು ಪಡಸಾಲೆಯ ತುದಿಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು “ಯಾರೋ ಅದು, ಓಡೋನು?” ಅಂದರೆ ಮಾತ್ರ ಎತ್ತಿದ ಕಾಲು ಗಾಳಿಯಲ್ಲೇ ನಿಲ್ಲುತ್ತಿತ್ತು.

ಶಾಲೆಯೆಂದರೆ ಅಂಗಡಿ ಸಾಲಿನ ಮೇಲೆ ಕೂರಿಸಿದ ಐದು ಕೋಣೆ. ಮುಂದೆ ಲಾರಿಗಳ ರಸ್ತೆ, ಹಿಂದೆ ಗುಜರಿ ಅಂಗಡಿಯ ಕಬ್ಬಿಣದ ಗುಡ್ಡೆ. ಮೈದಾನ ಎನ್ನುವ ಮಾತು ಪಾಠಪುಸ್ತಕದಲ್ಲಿತ್ತೇ ಹೊರತು ಮಕ್ಕಳ ಕಾಲಿಗೆ ಸಿಕ್ಕಿರಲಿಲ್ಲ. ಇದ್ದದ್ದು ಕೋಣೆಗಳ ಮುಂದಿನ ಒಂದು ಪಡಸಾಲೆ, ಉದ್ದಕ್ಕೆ ನಲವತ್ತೆರಡು ಹೆಜ್ಜೆ, ಅಗಲಕ್ಕೆ ಆರು. ಕೆಂಪು ಸಿಮೆಂಟಿನ ಆ ನೆಲವನ್ನು ಅವಳು ಹತ್ತೊಂಬತ್ತು ವರ್ಷ ಉಜ್ಜಿ ಉಜ್ಜಿ, ಬಗ್ಗಿ ನೋಡಿದರೆ ಮೂಗಿನ ಮೇಲಿನ ಮಚ್ಚೆಯೂ ಕಾಣುವ ಹಾಗೆ ಮಾಡಿಟ್ಟಿದ್ದಳು. ಹಾಗಾಗಿಯೇ ಅವಳಿಗೆ ಕನ್ನಡಿಯಮ್ಮ ಎಂಬ ಹೆಸರು ಬಿದ್ದಿತ್ತು. ಅದು ಅಣಕಿಸಲು ಇಟ್ಟ ಹೆಸರು. ಆದರೆ ಅವಳು ಬಿರುದು ಸಿಕ್ಕಿದಂತೆ ಎದೆಯುಬ್ಬಿಸಿ ಓಡಾಡುತ್ತಿದ್ದಳು.

ಅವಳೇನು ಹುಟ್ಟಿದಾಗಲೇ ಬಿರುಸಿನವಳಲ್ಲ. ಅವ್ವ ಅಪ್ಪ ಕಟ್ಟಡ ಕೆಲಸಕ್ಕೆ ಹೋದರೆ ಮೂವರು ತಮ್ಮಂದಿರನ್ನು ಕಾಯುವುದು ಇವಳ ಪಾಲು. ಒಬ್ಬ ಕಂಕುಳಲ್ಲಿ, ಒಬ್ಬ ಬೆನ್ನಲ್ಲಿ, ಇನ್ನೊಬ್ಬ ಸೆರಗಿನ ತುದಿಯಲ್ಲಿ. ಅಂಥವಳಿಗೆ ಕುಂಟೆಬಿಲ್ಲೆ ಆಡಲು ಕಾಲೆಲ್ಲಿ ಖಾಲಿ ಇತ್ತು? ಮದುವೆಯಾಯಿತು, ಕೈಗಾಡಿ ತಳ್ಳುವ ಗಂಡ ಬಂದ, ನಾಲ್ಕು ಒಳ್ಳೆಯ ಮಾತಾಡಿಕೊಂಡು ಬಾಳಿದ, ತೀರಿಹೋದ. ಈಗ ಐವತ್ತೆಂಟು ವಯಸ್ಸು. ಒಂದೇ ಕೋಣೆಯ ಮನೆ. ಆ ಕೋಣೆಯಲ್ಲಿ ಅವಳು, ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗಳು. ಅಳಿಯ ರಾತ್ರಿ ಪಾಳಿಯ ಕಾವಲುಗಾರ, ಹಗಲೆಲ್ಲ ನಿದ್ದೆ. ಅವನು ಮಲಗಿದರೆ ಕೋಣೆಯ ಮುಕ್ಕಾಲು ಭಾಗ ಮಲಗಿದಂತೆ. ಪಾತ್ರೆ ಸದ್ದು ಮಾಡಬಾರದು, ಬಾಗಿಲು ಕಿರುಗುಟ್ಟಬಾರದು, ಮಗು ಕದಲಬಾರದು. ಆ ಹುಡುಗಿ ಮೊದಲು ಕಲಿತ ಮಾತು ಅಮ್ಮ ಅಲ್ಲ, “ಶ್!” ಅಂತ.

ಅಕ್ಕಪಕ್ಕದ ಮನೆಗಳ ಕಥೆಯೂ ಇದೇ. ಮಕ್ಕಳು ಮನೆಯಲ್ಲಿ ಮೂಟೆಯ ಹಾಗೆ ಕೂತಿದ್ದು, ಶಾಲೆಗೆ ಬಂದು ಬೆಂಚಿನ ಮೇಲೆ ಇನ್ನೊಂದು ಮೂಟೆಯಾಗುತ್ತಿದ್ದರು. ಕೆಲವರು ತೂಕಡಿಸುತ್ತಿದ್ದರು, ಕೆಲವರು ಪಕ್ಕದವರನ್ನು ಚಿವುಟುತ್ತಿದ್ದರು. ಕನ್ನಡಿಯಮ್ಮನ ಮೊಮ್ಮಗಳು ಎರಡೂ ಮಾಡುತ್ತಿರಲಿಲ್ಲ. ಮೂರನೇ ಕ್ಲಾಸಿನ ಕಿಟಕಿ ಪಕ್ಕ ಕೂತು ಲಾರಿ ನೋಡುತ್ತಿದ್ದಳು, ಅಷ್ಟೇ. ಈ ಮಗು ನಗುವುದನ್ನು ಕಂಡೆಯಾ ಎಂದು ಅಜ್ಜಿ ಅದರ ತಾಯಿಯನ್ನು ಕೇಳುವಳು. ನೀನು ಕಂಡೆಯಾ ಎಂದು ತಾಯಿ ಅಜ್ಜಿಯನ್ನು ಕೇಳುವಳು.

ಹೀಗಿರುವಾಗ ವ್ಯಾಯಾಮದ ಟೀಚರು ಬಂದಳು. ನಾಲ್ಕು ಶಾಲೆಗೆ ಸೇರಿ ಒಬ್ಬಳೇ. ಈ ಶಾಲೆಯ ಪಾಲಿಗೆ ಗುರುವಾರ ಅರ್ಧ ಗಂಟೆ. ಕೊರಳಲ್ಲಿ ಸೀಟಿ, ಕಾಲಲ್ಲಿ ಸ್ಪ್ರಿಂಗು. ಬಂದವಳೇ ಪಡಸಾಲೆ ನೋಡಿ ಕಣ್ಣರಳಿಸಿದಳು.

“ಇಲ್ಲೇ ಓಡಿಸ್ಬಹುದಲ್ಲ!”

“ನನ್ನ ಹೆಣದ ಮೇಲೆ ಓಡಿಸು ತಾಯಿ,” ಅಂದಳು ಕನ್ನಡಿಯಮ್ಮ.

“ಅದು ಬೇಡಮ್ಮ, ನೆಲ ಸಾಕು.”

ಮಾತಿಗೆ ಮಾತು ಬೆಳೆಯಿತು. ಹೆಡ್‌ಮಾಸ್ತರರು ನಡುವೆ ನಿಂತು, ಟೀಚರಿಗೆ ಗುರುವಾರದ ಅರ್ಧ ಗಂಟೆಯನ್ನೂ, ಕನ್ನಡಿಯಮ್ಮನಿಗೆ ಉಳಿದ ಕಾಲವನ್ನೂ ಹಂಚಿಕೊಟ್ಟು ಪಾರಾದರು.

ಮೊದಲ ಗುರುವಾರ ಮೂರನೇ ಮತ್ತು ನಾಲ್ಕನೇ ಕ್ಲಾಸಿನ ನಲವತ್ತು ಮಕ್ಕಳು ಆ ನೆಲದ ಮೇಲೆ ಕುಪ್ಪಳಿಸಿದರು. ಒಂದೊಂದು ಹೆಜ್ಜೆ ಗುರುತೂ ಕನ್ನಡಿಯಮ್ಮನ ಎದೆಯ ಮೇಲೆ ಬಿದ್ದಂತಾಯಿತು. ಸೆರಗು ಬಾಯಿಗೊತ್ತಿ ಮೂಲೆಯಲ್ಲಿ ನಿಂತಿದ್ದಳು. ಆಗ ಕೇಳಿಸಿತು ಒಂದು ನಗು. ಮಣಿಸರ ಕಿತ್ತು ಮಣಿ ಉರುಳಿದಂಥ ನಗು. ಯಾರ ಮಗುವಪ್ಪ ಇದು ಎಂದು ನೋಡಿದರೆ, ತನ್ನದೇ! ಬಾಯಿ ಅಗಲಿಸಿ, ಬಿದ್ದ ಹಲ್ಲಿನ ಜಾಗವೆಲ್ಲ ತೋರಿಸಿ, ಕಪ್ಪೆಯ ಹಾಗೆ ಹಾರುತ್ತಿದ್ದಾಳೆ.

ಆ ಸಂಜೆ ನೆಲ ಉಜ್ಜುವಾಗ ಕನ್ನಡಿಯಮ್ಮ ಒಂದೇ ಒಂದು ಬೈಗುಳ ಆಡಲಿಲ್ಲ. ಒಂದು ಪುಟ್ಟ ಹೆಜ್ಜೆ ಗುರುತನ್ನಂತೂ ಕೊನೆಗೆ ಒರೆಸೋಣ ಎಂದು ಬಿಟ್ಟಿದ್ದಳು.

ಮೂರು ಗುರುವಾರ ಕಳೆದವು. ಮೊಮ್ಮಗಳು ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿನ್ನತೊಡಗಿದಳು. ದಾರಿಯುದ್ದಕ್ಕೂ ಅಜ್ಜಿಯ ತಲೆ ತಿನ್ನತೊಡಗಿದಳು. “ಅಜ್ಜೀ, ಇವತ್ತು ಗುರುವಾರಾನಾ?” “ಅಲ್ವೇ.” “ಮತ್ತೆ ಯಾಕೆ ಅಲ್ಲ?”

ನಾಲ್ಕನೇ ಗುರುವಾರ ಮೆಟ್ಟಿಲ ಮೇಲೆ ದಪದಪ ಸದ್ದಾಯಿತು. ಕೆಳಗಿನ ಗಡಿಯಾರ ರಿಪೇರಿ ಅಂಗಡಿಯ ಯಜಮಾನ ಬಂದಿದ್ದ. ಕೆಲಸದ ನಡುವೆಯೇ ಎದ್ದು ಬಂದಿದ್ದರಿಂದ ಒಂದು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ಹಾಗೇ ಇತ್ತು. ಆ ಕಣ್ಣು ಬದನೆಕಾಯಿಯಷ್ಟು ದೊಡ್ಡದಾಗಿ ಕಂಡು ಮಕ್ಕಳು ಕಿಸಕ್ಕೆಂದರು.

“ಮಾಸ್ತರೇ, ನಾನು ಮಕ್ಕಳ ವೈರಿ ಅಲ್ಲ,” ಅಂದ ಆತ ಏದುಸಿರು ಬಿಡುತ್ತ. “ಆದ್ರೆ ನನ್ನ ಸ್ಕ್ರೂ ಸಾಸಿವೆಗಿಂತ ಸಣ್ಣದು. ನೀವು ಮೇಲೆ ಧಡ್ ಅಂದ್ರೆ ಅದು ಕೆಳಗೆ ಟಣ್ ಅಂತ ಹಾರಿಹೋಗುತ್ತೆ. ಇವತ್ತು ಮೂರು ಸಲ ಮೇಜಿನ ಕೆಳಗೆ ತೆವಳಿ ಹುಡುಕಿದ್ದೀನಿ. ವ್ಯಾಯಾಮ ಆಗ್ತಿರೋದು ಇವರಿಗಲ್ಲ, ನನಗೆ!”

ಅವನ ಮಾತಿನಲ್ಲಿ ತಪ್ಪೇನಿತ್ತು? ಹೆಡ್‌ಮಾಸ್ತರರು ತಲೆ ಕೆರೆದುಕೊಂಡರು. ಅಂದಿನಿಂದಲೇ ಆಟ ಬಂದ್. ಟೀಚರು ಮುಂದಿನ ಗುರುವಾರ ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ ಕುತ್ತಿಗೆ ಎಡಕ್ಕೆ, ಕುತ್ತಿಗೆ ಬಲಕ್ಕೆ ತಿರುಗಿಸಿದಳು. ಮೊಮ್ಮಗಳು ಎಡಕ್ಕೆ ತಿರುಗಿದಾಗ ಕಿಟಕಿ ಸಿಕ್ಕಿತು. ಅಲ್ಲಿಗೆ ನಿಂತಳು. ಮತ್ತೆ ಲಾರಿ ನೋಡತೊಡಗಿದಳು.

ಕನ್ನಡಿಯಮ್ಮನಿಗೆ ಯಾರನ್ನಾದರೂ ಬೈಯಬೇಕೆನಿಸಿತು. ಆದರೆ ಯಾರನ್ನು ಬೈಯುವುದು? ಗಡಿಯಾರದವನನ್ನು ಬೈಯೋಣವೆಂದರೆ ಅವನದು ನ್ಯಾಯ. ಹೆಡ್‌ಮಾಸ್ತರರನ್ನು ಬೈಯೋಣವೆಂದರೆ ಅವರದು ಪಾಪದ ಮುಖ. ಕೊನೆಗೆ ಪೊರಕೆಯನ್ನು ಬೈದಳು.

ಶಾಲೆ ಬಿಟ್ಟ ಮೇಲೆ ಅವಳದೊಂದು ಗುಟ್ಟಿನ ಕೆಲಸವಿತ್ತು. ಆರು ವರ್ಷದ ಹಿಂದೆ ಸೊಂಟ ಹಿಡಿದುಕೊಂಡ ಮೇಲೆ ಬಗ್ಗಿ ಉಜ್ಜಲಾಗದೆ, ಹಳೆಯ ಕಂಬಳಿಯ ದಪ್ಪ ತುಂಡುಗಳನ್ನು ಎರಡೂ ಪಾದಕ್ಕೆ ಕಟ್ಟಿಕೊಂಡು, ಜಾರುತ್ತ ಜಾರುತ್ತ ನೆಲಕ್ಕೆ ಹೊಳಪು ಕೊಡುವುದನ್ನು ಕಂಡುಕೊಂಡಿದ್ದಳು. ನೋಡಿದವರು ಈ ವಯಸ್ಸಲ್ಲಿ ಕುಣಿತವೇ ಎಂದಾರೆಂದು, ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ಮಾಡುವಳು. ಆ ದಿನ ಸಿಟ್ಟಿನ ಭರದಲ್ಲಿ ಬಾಗಿಲು ಹಾಕುವುದು ಮರೆತಳು. ಅಜ್ಜಿಗಾಗಿ ಕಾಯುತ್ತ ಮೆಟ್ಟಿಲ ಮೇಲೆ ಕೂತಿದ್ದ ಮೊಮ್ಮಗಳು ಇಣುಕಿದಳು. ನೋಡುತ್ತಾಳೆ, ಅಜ್ಜಿ ಸೆರಗು ಬಿಗಿದು ಈ ತುದಿಯಿಂದ ಆ ತುದಿಗೆ ಸುಯ್ಯೆಂದು ಹೋಗುತ್ತಿದ್ದಾಳೆ!

“ಅಜ್ಜೀ! ನಂಗೂ ಕಟ್ಟು!”

“ಹೋಗೇ ಹೋಗೇ, ಇದು ಕೆಲಸ.”

“ನಾನೂ ಕೆಲಸ ಮಾಡ್ತೀನಿ. ಕಟ್ಟಜ್ಜಿ!”

ಕಟ್ಟಿದಳು. ಇಬ್ಬರೂ ಕೈ ಕೈ ಹಿಡಿದು ಹೊರಟರು. ಹುಡುಗಿ ಮೊದಲು ಎರಡು ಸಲ ಕೂತಳು, ಮೂರನೆಯ ಸಲ ಹಾರಿದಳು. ಅಜ್ಜಿ ಗಿರಗಿಟ್ಟಲೆಯಂತೆ ಸುತ್ತಿಸಿದಳು. ಮೊಮ್ಮಗಳು ಅಜ್ಜಿಯ ಸೊಂಟ ಹಿಡಿದು ಹಿಂದೆ ಜಾರಿದಳು. ಐವತ್ತು ವರ್ಷದಿಂದ ಬಾಕಿಯಿದ್ದ ಆಟವೆಲ್ಲ ಒಟ್ಟಿಗೆ ಕಾಲಿಗೆ ಬಂದಂತೆ ಕನ್ನಡಿಯಮ್ಮ ಜಾರಿಯೇ ಜಾರಿದಳು. ನಡುವೆ ತಟ್ಟನೆ ನಿಂತಳು. ಕಿವಿ ನಿಮಿರಿಸಿದಳು. ಏನೋ ಒಂದು ಕಡಿಮೆಯಾಗಿದೆಯಲ್ಲ? ಧಡ್ ಎಂಬುದೇ ಇಲ್ಲ!

ಪಾದಕ್ಕೆ ಕಟ್ಟಿದ್ದನ್ನು ಬಿಚ್ಚುವಷ್ಟು ತಾಳ್ಮೆಯೂ ಇಲ್ಲದೆ ಮೆಟ್ಟಿಲಿಳಿದು ಗಡಿಯಾರದಂಗಡಿಗೆ ನುಗ್ಗಿದಳು.

“ಯಜಮಾನ್ರೇ, ಈಗ ಏನಾದ್ರೂ ಕೇಳಿಸ್ತಾ?”

“ಏನು?”

“ಮೇಲೆ.”

“ಮೇಲೇನು?”

“ಏನಿಲ್ಲ!” ಎಂದು ಕೇಕೆ ಹಾಕಿ ಓಡಿದಳು. ಗಡಿಯಾರದವನು ಅವಳ ಕಾಲು ನೋಡಿದ, ಗೋಡೆಯ ಮೇಲಿನ ಹದಿನೆಂಟು ಗಡಿಯಾರ ನೋಡಿದ, ತನ್ನ ನೆತ್ತಿ ಮುಟ್ಟಿ ನೋಡಿಕೊಂಡ.

ಮುಂದಿನ ವಾರವಿಡೀ ಅವಳು ಮನೆಮನೆ ತಿರುಗಿ ಹರಿದ ಕಂಬಳಿ, ಹಳೆಯ ಪರದೆ, ತೋಳಿಲ್ಲದ ಸ್ವೆಟರು ಎಲ್ಲ ಎತ್ತಿ ತಂದಳು. ಟೀಚರು ಕತ್ತರಿ ಹಿಡಿದಳು, ಕನ್ನಡಿಯಮ್ಮ ಲಾಡಿ ಹೊಲಿದಳು. ಹೆಣದ ಮೇಲೆ ಓಡಿಸು ಎಂದವಳೇ ಈಗ “ಇನ್ನೂ ದಪ್ಪ ಕತ್ತರಿಸೇ ಹುಡುಗಿ, ಹಿಮ್ಮಡಿ ತಾಗುತ್ತೆ” ಎಂದು ಗದರುತ್ತಿದ್ದಳು. ನಲವತ್ತು ಜೊತೆ ಪಾದದ ಚೀಲ ಸಿದ್ಧವಾದವು.

ಹೆಡ್‌ಮಾಸ್ತರರು ಒಪ್ಪಿದರು, ಆದರೆ ಷರತ್ತು ಹಾಕಿದರು. “ನಾನು ಕೆಳಗೆ ಗಡಿಯಾರದಂಗಡಿಯಲ್ಲೇ ಕೂತಿರ್ತೀನಿ. ಅರ್ಧ ಗಂಟೆಯೊಳಗೆ ಒಂದೇ ಒಂದು ಸ್ಕ್ರೂ ಹಾರಿದ್ರೂ, ಆಮೇಲೆ ಈ ಪಡಸಾಲೆ ಮಾತು ಯಾರೂ ಎತ್ತಬಾರದು. ಆಯ್ತಾ?”

ಕನ್ನಡಿಯಮ್ಮ ಮೊಮ್ಮಗಳ ಮುಖ ನೋಡಿದಳು. “ಆಯ್ತು,” ಅಂದಳು.

ಗುರುವಾರ ಬಂತು. ಸೀಟಿಯಿಲ್ಲ, ಕೂಗಿಲ್ಲ. ಟೀಚರು ಕೈ ಎತ್ತಿ ಇಳಿಸಿದಳು, ಅಷ್ಟೇ. ನಲವತ್ತು ಮಕ್ಕಳು ಹಾಲಿನ ಮೇಲೆ ಕೆನೆ ಸರಿದಂತೆ ಸರಿದರು. ಸದ್ದಿಲ್ಲದೆ ಇರುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಒಂದೇ ಕೋಣೆಯ ಮನೆಗಳಲ್ಲಿ ಅದರಲ್ಲೇ ಪಳಗಿದ್ದರು. ಇಷ್ಟು ದಿನ ಸುಮ್ಮನಿರು ಎಂದರೆ ಕದಲದಿರು ಎಂದರ್ಥ. ಇವತ್ತು ಸುಮ್ಮನಿದ್ದೂ ಹಾರಬಹುದು! ನಗು ಬಂದರೆ ಅಂಗಿಯ ಕಾಲರು ಕಚ್ಚುತ್ತಿದ್ದರು. ಒಬ್ಬ ಹುಡುಗನಂತೂ ನಗು ತಡೆಯಲಾರದೆ ಎರಡೂ ಕಿವಿ ಹಿಡಿದುಕೊಂಡು ಜಾರಿದ, ನಗು ಕಿವಿಯಿಂದ ಹೊರಬೀಳುತ್ತದೋ ಎಂಬಂತೆ.

ಹತ್ತು ನಿಮಿಷ. ಇಪ್ಪತ್ತು ನಿಮಿಷ. ಕೆಳಗಿನಿಂದ ಸುದ್ದಿಯಿಲ್ಲ. ಕನ್ನಡಿಯಮ್ಮ ಪಡಸಾಲೆಯ ಕೊನೆಯಲ್ಲಿ, ಮಕ್ಕಳು ಗೋಡೆಗೆ ಗುದ್ದದಂತೆ ತಡೆಯಲು ತೋಳು ಚಾಚಿ ನಿಂತಿದ್ದಳು. ಪಕ್ಕದಲ್ಲಿ ನೀರು ತುಂಬಿದ ತಗಡಿನ ಬಕೆಟ್ಟು. ಅದಿಲ್ಲದಿದ್ದರೆ ಅವಳಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ.

ಕೊನೆಗೆ ರೈಲು. ಒಬ್ಬರ ಸೊಂಟ ಒಬ್ಬರು ಹಿಡಿದು ನಲವತ್ತು ಡಬ್ಬಿಯ ರೈಲು. ಇಂಜಿನ್ನು ಯಾರು? ಮೊಮ್ಮಗಳು! ಕಣ್ಣು ಮಿಂಚುತ್ತಿತ್ತು, ಜಡೆ ಬಿಚ್ಚಿ ಹಾರುತ್ತಿತ್ತು. ಅರ್ಧ ದಾರಿಗೆ ವೇಗ ಬಂತು, ಮುಕ್ಕಾಲು ದಾರಿಗೆ ವೇಗ ಕೈಮೀರಿತು. ಅಜ್ಜಿಗೆ ಸರಿಯಲು ಹೊತ್ತಿರಲಿಲ್ಲ, ಸರಿಯುವ ಮನಸ್ಸೂ ಇರಲಿಲ್ಲ. ಬಾಚಿ ತಬ್ಬಿಕೊಂಡಳು. ನಲವತ್ತು ಮಕ್ಕಳ ಭಾರ ಒಮ್ಮೆಲೇ ಎದೆಗೆ ಬಂತು. ಅವಳು ಹಿಂದಕ್ಕೆ, ಬಕೆಟ್ಟು ಮುಂದಕ್ಕೆ.

ಧಡಾರ್!

ಮಕ್ಕಳೆಲ್ಲ ಬಿದ್ದಲ್ಲೇ ಕಲ್ಲಾದರು. ಬಕೆಟ್ಟು ಮಾತ್ರ ಡಬಡಬ ಉರುಳಿ ಮೆಟ್ಟಿಲ ಬಳಿ ಹೋಗಿ ನಿಂತಿತು. ಅದರ ಹಿಂದೆಯೇ ಹೆಡ್‌ಮಾಸ್ತರರ ತಲೆ ಕಂಡಿತು, ಅದರ ಹಿಂದೆ ಗಡಿಯಾರದವನ ಒಂದು ದೊಡ್ಡ ಕಣ್ಣು, ಒಂದು ಸಣ್ಣ ಕಣ್ಣು.

ಕನ್ನಡಿಯಮ್ಮ ನೀರಿನ ಮಡುವಿನಲ್ಲಿ ಕೂತಲ್ಲಿಂದಲೇ ಕೈ ಮುಗಿದಳು. “ಸ್ವಾಮೀ, ಬಿದ್ದಿದ್ದು ನಾನು. ಮಕ್ಕಳ ಕಾಲಿಂದ ಒಂದು ಸದ್ದೂ ಬಂದಿಲ್ಲ. ನನ್ನ ಹೊರಗೆ ಹಾಕಿ ಬೇಕಾದ್ರೆ. ಆಟ ನಿಲ್ಲಿಸ್ಬೇಡಿ.”

ಹೆಡ್‌ಮಾಸ್ತರರು ಗಡಿಯಾರದವನ ಕಡೆ ತಿರುಗಿದರು. “ಸ್ಕ್ರೂ ಹಾರ್ತಾ?”

“ಹಾರ್ತು.”

ಮೊಮ್ಮಗಳು ಬಗ್ಗಿ ಪಾದದ ಚೀಲದ ಲಾಡಿ ಬಿಚ್ಚತೊಡಗಿದಳು.

“ಎಲ್ಲಿಗೆ ಹಾರ್ತು ಅಂತಾನೂ ನೋಡ್ದೆ,” ಅಂದ ಗಡಿಯಾರದವನು. “ನಿಮ್ಮ ಅಂಗಿ ಜೇಬಿಗೆ. ಕೊಡಿ ಇಲ್ಲಿ.”

ಹೆಡ್‌ಮಾಸ್ತರರು ಜೇಬಿಗೆ ಕೈ ಹಾಕಿದರು. ಸೀಮೆಸುಣ್ಣದ ಚೂರು ಬಂತು, ಕರವಸ್ತ್ರ ಬಂತು, ಯಾರೋ ಮಗುವಿನಿಂದ ಕಿತ್ತುಕೊಂಡಿದ್ದ ಗೋಲಿ ಬಂತು. ಜೇಬನ್ನೇ ಒಳಹೊರಗು ಮಾಡಿ ಕೊಡವಿದರು. ಉಗುರಿನ ಮೇಲೆ ಧೂಳಿನ ಕಣದಂಥ ಸ್ಕ್ರೂ ಬಂದು ಕೂತಿತು.

ಅರ್ಧ ಗಂಟೆಯಿಂದ ಕಾಲರಿನಲ್ಲಿ ಕಚ್ಚಿಟ್ಟಿದ್ದ ನಗುವೆಲ್ಲ ಆಗ ಸಿಡಿಯಿತು. ನಲವತ್ತು ಬಾಯಿ ಒಟ್ಟಿಗೆ! ಗುಜರಿಯ ಕಬ್ಬಿಣವೂ ಝಣ್ ಎಂದಿರಬೇಕು. ಕನ್ನಡಿಯಮ್ಮ ಎರಡೂ ಕೈ ಬೀಸಿದಳು. “ಶ್! ಶ್! ಮುಗೀತು ಕಥೆ, ಮುಚ್ರೋ ಬಾಯಿ!”

“ಬಿಡಮ್ಮ, ನಗಲಿ,” ಅಂದ ಗಡಿಯಾರದವನು. ಅವನ ಹೊಟ್ಟೆಯೂ ಕುಲುಕುತ್ತಿತ್ತು. “ನಗು ಗಾಳೀಲಿ ಹೋಗುತ್ತೆ, ನನ್ನ ಮೇಜಿಗೆ ತಾಗಲ್ಲ. ಇನ್ನು ಬಕೆಟ್ಟು... ಹತ್ತೊಂಬತ್ತು ವರ್ಷದಿಂದ ನಿನ್ನ ಬಕೆಟ್ಟಿನ ಸದ್ದು ಕೇಳ್ತಿದ್ದೀನಿ. ಕೆಲಸದ ಸದ್ದಿಗೆ ನಾನ್ಯಾವತ್ತಾದ್ರೂ ಮೆಟ್ಟಿಲು ಹತ್ತಿದ್ದುಂಟಾ? ಆಡ್ಸಿ ಮಾಸ್ತರೇ. ದಿನಾ ಬೇಕಾದ್ರೂ ಆಡ್ಸಿ.”

“ದಿನಾ ನಾನೆಲ್ಲಿ ಬರ್ಲಿ?” ಅಂದಳು ಟೀಚರು. “ನನಗಿನ್ನೂ ಮೂರು ಶಾಲೆ ಇದೆ.”

ಎಲ್ಲರ ಕಣ್ಣೂ ನೀರಿನಲ್ಲಿ ಕೂತವಳ ಮೇಲೆ ಬಿತ್ತು.

“ನಾನಾ?” ಕನ್ನಡಿಯಮ್ಮ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿದಳು. “ನನಗೆ ಎಡ ಬಲ ಅನ್ನೋಕೆ ಬರಲ್ಲಪ್ಪ. ಹೋಗ್ರೋ, ಬರ್ರೋ ಅನ್ನೋಕೆ ಬರುತ್ತೆ.”

“ಅಷ್ಟು ಸಾಕು,” ಅಂದರು ಹೆಡ್‌ಮಾಸ್ತರರು. “ನಾಳೆಯಿಂದ ದಿನಾ ಅರ್ಧ ಗಂಟೆ.”

“ಭಾನುವಾರಾನೂ?” ಅಂತ ಕೇಳಿದಳು ಮೊಮ್ಮಗಳು.

“ಭಾನುವಾರ ರಜ ಕಣಮ್ಮ.”

“ಯಾಕೆ ರಜ?”

ಹೆಡ್‌ಮಾಸ್ತರರು ಆಗಲೇ ಕನ್ನಡಿಯಮ್ಮನ ಕಂಬಳಿ ತುಂಡುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಗೋಡೆಗೆ ಒಂದು ಕೈ ಕೊಟ್ಟು, ಒಂಟಿಕಾಲಲ್ಲಿ ಕುಂಟುತ್ತ, ಬೂಟು ಬಿಚ್ಚುತ್ತಿದ್ದರು.